ನಾಲ್ಕು ಗೋಡೆಗಳ ನಡುವೆ 152 ಗೆಲುವು

ಬಾಗಿಲು ಮುಚ್ಚಿತು. ಒಳಗೆ ನಿಂತು ನೋಡಿದರೆ ಆ ಬಾಗಿಲೂ ಗೋಡೆಯ ಪಾಲೇ ಆಗಿಬಿಟ್ಟಿದೆ. ಚೆಂಡು ತಾಗಿ ದಿಕ್ಕು ತಪ್ಪಬಾರದೆಂದು ಹಿಡಿಯನ್ನೂ ಒಳಕ್ಕೆ ಹುದುಗಿಸಿದ್ದಾರೆ. ಉದ್ದ 40 ಅಡಿ, ಅಗಲ 20 ಅಡಿ, ಎತ್ತರ 20 ಅಡಿ. ಒಳಗಿರುವುದು ಇಬ್ಬರೇ. ನಡುವೆ ನೆಟ್ ಇಲ್ಲ, ನಿನ್ನದು ಆ ಕಡೆ, ನನ್ನದು ಈ ಕಡೆ ಎಂಬ ಪಾಲುಪಟ್ಟಿ ಇಲ್ಲ. ಎದುರಾಳಿಯ ಉಸಿರು ಕೇಳಿಸುವಷ್ಟು ಹತ್ತಿರ.

ಮುಂದೆ ನಿಂತವಳು ಚೆಂಡನ್ನು ಕೈಬಿಟ್ಟಳು. ನೆಲಕ್ಕೆ ಬಡಿದು ಒಮ್ಮೆ ಪುಟಿಯಿತು. ಸೊಂಟದಿಂದ ತಿರುಗಿ, ಮೊಣಕಾಲಿನ ಮಟ್ಟದಲ್ಲಿ ಬೀಸಿದಳು. ಢಮ್! ಚೆಂಡು ಎದುರುಗೋಡೆಗೆ ಅಪ್ಪಳಿಸಿ, ನೆಲವನ್ನು ಸವರಿಕೊಂಡು ಹಿಂಬದಿಯ ಮೂಲೆಗೆ ನುಗ್ಗುತ್ತಿದೆ. ಹಿಂದೆ ಕಾಯುತ್ತಿರುವವಳಿಗೆ ಸಿಗುವುದು ಅರ್ಧ ಸೆಕೆಂಡಿನಷ್ಟು ಹೊತ್ತು. ಅಷ್ಟರಲ್ಲಿ ಎಡವೋ ಬಲವೋ ಗೊತ್ತಾಗಬೇಕು, ಎರಡು ಹೆಜ್ಜೆ ಹಾರಬೇಕು, ರ‍್ಯಾಕೆಟ್ ಕೆಳಗಿಳಿಯಬೇಕು, ಚೆಂಡು ಎರಡನೇ ಸಲ ನೆಲ ಮುಟ್ಟುವ ಮುಂಚೆ ಅದನ್ನು ಮತ್ತೆ ಎದುರುಗೋಡೆಗೆ ಕಳಿಸಬೇಕು. ತಪ್ಪಿದರೆ ಪಾಯಿಂಟ್ ಹೋಯಿತು. ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಮುಂದಿನ ಸರ್ವ್.

ಇದು ರ‍್ಯಾಕೆಟ್‌ಬಾಲ್. 1950ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜೋ ಸೋಬೆಕ್ ಎಂಬಾತ ರೂಪಿಸಿದ ಆಟ. ನಮ್ಮಲ್ಲಿ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಸ್ಕ್ವಾಷ್ ತಾನೆ?’ ಎನ್ನುತ್ತಾರೆ. ಅಲ್ಲ. ಸ್ಕ್ವಾಷ್ ಚೆಂಡು ಸುಸ್ತಾದಂತೆ ಬಿದ್ದುಕೊಳ್ಳುತ್ತದೆ. 40 ಗ್ರಾಂ ತೂಕದ ಈ ಪೊಳ್ಳು ರಬ್ಬರ್ ಚೆಂಡು ಕೆರಳಿದ ಕಣಜ. ಸ್ಕ್ವಾಷಿನಲ್ಲಿ ಎದುರುಗೋಡೆಯ ತಳಕ್ಕೆ ತಗಡಿನ ಕಾವಲುಂಟು, ಅದಕ್ಕಿಂತ ಕೆಳಗೆ ಹೊಡೆದರೆ ತಪ್ಪು. ಇಲ್ಲಿ ಆ ಕಾವಲಿಲ್ಲ, ಛಾವಣಿಯೂ ಆಟದೊಳಗೇ. ಗೋಡೆಯ ಬುಡಕ್ಕೆ, ನೆಲದಿಂದ ಒಂದಂಗುಲ ಮೇಲೆ ಚೆಂಡು ತಾಗಿತೋ, ಅದು ಪುಟಿಯದೆ ಉರುಳಿಕೊಂಡು ಬರುತ್ತದೆ. ಅದಕ್ಕೆ ರೋಲ್‌ಔಟ್ ಎನ್ನುತ್ತಾರೆ. ಜಗತ್ತಿನ ಯಾವ ಆಟಗಾರ್ತಿಯೂ ಅದನ್ನು ಎತ್ತಲಾರಳು.

ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ರ‍್ಯಾಕೆಟ್ಟನ್ನು ಮಣಿಕಟ್ಟಿಗೆ ದಾರದಿಂದ ಬಿಗಿದುಕೊಳ್ಳುವುದೂ ಕಡ್ಡಾಯ. ಬೆವರಿದ ಕೈಯಿಂದ ಅದು ಜಾರಿದರೆ ಗತಿಯೇನು? ಬೆನ್ನಿಗೋ ತೊಡೆಗೋ ಚೆಂಡು ಬಡಿದರೆ ನಾಣ್ಯದಷ್ಟು ದುಂಡಗೆ ಕೆಂಪು ಮುದ್ರೆ ಏಳುತ್ತದೆ, ಮರುದಿನ ನೀಲಿಗಟ್ಟುತ್ತದೆ.

ಇಂಥ ಪೆಟ್ಟಿಗೆಯೊಳಗೆ ಒಬ್ಬಳು ಹುಡುಗಿ ಹೊಕ್ಕಳು. ಮೂರು ವರ್ಷಕ್ಕೂ ಮಿಕ್ಕಿ ವೃತ್ತಿಪರ ಆಟಗಾರ್ತಿಯರ ಪ್ರೊ ಟೂರ್‌ನ ಒಬ್ಬರಿಗೂ ಅವಳನ್ನು ಸೋಲಿಸಿ ಹೊರಗೆ ಕಳಿಸಲು ಆಗಲಿಲ್ಲ.

ಪಾವೊಲಾ ಲೊಂಗೊರಿಯಾ ಹುಟ್ಟಿದ್ದು 1989ರ ಜುಲೈ 20ರಂದು, ಮೆಕ್ಸಿಕೊದ ಸಾನ್ ಲೂಯಿಸ್ ಪೊತೊಸಿ ನಗರದಲ್ಲಿ. ಸಮುದ್ರಮಟ್ಟದಿಂದ 1,800 ಮೀಟರಿಗೂ ಎತ್ತರದ, ಒಂದು ಕಾಲಕ್ಕೆ ಬೆಳ್ಳಿ ಗಣಿಗಳಿಂದ ಮೆರೆದ ಊರು. ಈ ಎತ್ತರ ಆಟಕ್ಕೆ ಸಣ್ಣ ಸಂಗತಿಯೇನಲ್ಲ. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆ, ಓಟ ಜಾಸ್ತಿ. ಅಲ್ಲಿ ಬೆಳೆದ ಕಣ್ಣು ವೇಗದ ಚೆಂಡನ್ನೇ ಮಾಮೂಲಿ ಎಂದುಕೊಂಡಿರುತ್ತದೆ. ಆದರೆ ಸಮುದ್ರದ ದಡದ ಊರಿಗೆ ಆಡಲು ಹೋದರೆ ಅದೇ ಚೆಂಡು ಕೂದಲೆಳೆಯಷ್ಟು ತಡವಾಗಿ ಬರುತ್ತದೆ, ಕೈ ಮುಂಚೆಯೇ ಬೀಸಿರುತ್ತದೆ. ಊರೂರು ತಿರುಗುವ ವೃತ್ತಿಪರ ಆಟಗಾರ್ತಿ ಪ್ರತಿ ವಾರಾಂತ್ಯ ತನ್ನ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳಬೇಕು.

ಚಿಕ್ಕ ವಯಸ್ಸಿಗೇ ರ‍್ಯಾಕೆಟ್ ಹಿಡಿದು ಜೂನಿಯರ್ ಮಟ್ಟದಲ್ಲೇ ಹೆಸರು ಮಾಡಿದಳು. ಆದರೆ 2007ರಲ್ಲಿ, ಅವಳಿಗೆ ಹದಿನೆಂಟು ತುಂಬುವ ಹೊತ್ತಿಗೆ, ರಿಯೊ ಡಿ ಜನೈರೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಪಟ್ಟಿಯಲ್ಲಿ ರ‍್ಯಾಕೆಟ್‌ಬಾಲೇ ಇರಲಿಲ್ಲ. ಒಲಿಂಪಿಕ್ಸಿನ ಮಾತಂತೂ ಕೇಳಲೇಬೇಡಿ. ಅಲ್ಲಿ ಈ ಆಟಕ್ಕೆ ಎಂದೂ ಜಾಗ ಸಿಕ್ಕಿಲ್ಲ. ಪದಕದ ದಾರಿ ಮುಚ್ಚಿತ್ತು. ಉಳಿದದ್ದು ಪ್ರೊ ಟೂರ್, ಅದೂ ಅಮೆರಿಕನ್ನರ ಸಾಮ್ರಾಜ್ಯ.

ಆ ಸಾಮ್ರಾಜ್ಯದ ರಾಣಿ ರೋಂಡಾ ರಾಜ್ಸಿಚ್. ಪಾವೊಲಾಗಿಂತ ಹನ್ನೊಂದು ವರ್ಷಕ್ಕೆ ಹಿರಿಯಳು, ಗೋಡೆಯ ಒಂದೊಂದು ಮೂಲೆಯನ್ನೂ ಕಣ್ಣುಮುಚ್ಚಿ ಬಲ್ಲವಳು. ಅವಳೆದುರು ಹತ್ತೊಂಬತ್ತರ ಹುಡುಗಿ ನಿಂತಳು, ನುಗ್ಗಿದಳು, 2008-09ರ ಋತು ಮುಗಿಯುವಾಗ ವಿಶ್ವದ ಮೊದಲ ರ‍್ಯಾಂಕ್ ಕಿತ್ತುಕೊಂಡಿದ್ದಳು. ಮರುವರ್ಷವೂ ಅವಳೇ. ಇನ್ನೇನು, ಯುಗ ಬದಲಾಯಿತು ಎನ್ನುವಷ್ಟರಲ್ಲಿ 2010-11ರಲ್ಲಿ ರಾಜ್ಸಿಚ್ ಪಟ್ಟವನ್ನು ವಾಪಸು ಕಸಿದುಕೊಂಡಳು.

ಏರುವಾಗ ಯಾರೂ ಗಮನಿಸುವುದಿಲ್ಲ. ಏರಿ ಜಾರಿದ ಮೇಲೆ ಎಲ್ಲರ ಕಣ್ಣೂ ಅಲ್ಲೇ. ಅವಳ ನಿಜವಾದ ಸಾಹಸ ಶುರುವಾದದ್ದು ಈ ಜಾರುವಿಕೆಯಿಂದ ಎಂದೇ ನನ್ನ ಎಣಿಕೆ.

2011ರ ಮೇ. ಒಂದು ಪಂದ್ಯ ಗೆದ್ದಳು. ಇನ್ನೊಂದು. ಒಂದು ಟೂರ್ನಿ, ಅದರ ಬೆನ್ನಿಗೇ ಮತ್ತೊಂದು. ಅಕ್ಟೋಬರ್ ಬಂತು, ಪ್ಯಾನ್ ಅಮೆರಿಕನ್ ಕೂಟ ತನ್ನ ದೇಶದ ಗ್ವಾದಲಹಾರಾದಲ್ಲೇ. ರ‍್ಯಾಕೆಟ್‌ಬಾಲ್ ಪಟ್ಟಿಗೆ ಮರಳಿತ್ತು. ತವರಿನ ಜನ, ತವರಿನ ಕೂಗು. ಸೋತರೆ ಮುಖ ತೋರಿಸುವುದು ಎಲ್ಲಿ? ಸಿಂಗಲ್ಸ್ ಚಿನ್ನ ಗೆದ್ದಳು. ಸಮಂತಾ ಸಾಲಸ್ ಜೊತೆ ಡಬಲ್ಸ್ ಚಿನ್ನ ಗೆದ್ದಳು. ತಂಡದ ಚಿನ್ನವೂ ಬಂತು. ಒಂದೇ ಕೂಟದಲ್ಲಿ ಮೂರು. ಈ ಸಾಲಸ್ ಜೊತೆಗಿನ ನಂಟು ಸೋಜಿಗದ್ದು: ಡಬಲ್ಸಿನಲ್ಲಿ ಹೆಗಲಿಗೆ ಹೆಗಲು ಕೊಟ್ಟವಳೇ ಸಿಂಗಲ್ಸಿನ ಪಟ್ಟಿಯಲ್ಲಿ ಎದುರಾಳಿಯಾಗಿ ಬಂದು ನಿಲ್ಲುತ್ತಿದ್ದಳು.

2012, ಸಾಂತೊ ದೊಮಿಂಗೊ: ವಿಶ್ವ ಚಾಂಪಿಯನ್. 2013, ಕೊಲಂಬಿಯಾದ ಕಾಲಿ: ವಿಶ್ವ ಕ್ರೀಡಾಕೂಟದ ಚಿನ್ನ. 2014, ಕೆನಡಾದ ಬರ್ಲಿಂಗ್ಟನ್: ಮತ್ತೆ ವಿಶ್ವ ಚಾಂಪಿಯನ್. ಇದರ ನಡುನಡುವೆ ಪ್ರೊ ಟೂರ್‌ನ ಪಂದ್ಯಗಳು. ಒಂದೂ ಸೋಲಿಲ್ಲದೆ ಐವತ್ತಾದವು, ನೂರಾದವು, ನೂರೈವತ್ತಾದವು.

ನೂರೈವತ್ತು ಸಲ ಬಾಗಿಲು ಮುಚ್ಚಿಕೊಂಡಿತು ಎಂದರೆ ಏನರ್ಥ ಯೋಚಿಸಿ. ಒಂದು ದಿನವಾದರೂ ಜ್ವರ ಬಂದಿರಬೇಕು. ಒಂದು ಸಲವಾದರೂ ನಿದ್ದೆಗೆಟ್ಟಿರಬೇಕು. ಆ ಕಾಲದ ನಿಯಮದಂತೆ ಪಾಯಿಂಟ್ ಸಿಗುತ್ತಿದ್ದದ್ದು ಸರ್ವ್ ಮಾಡಿದವರಿಗೆ ಮಾತ್ರ. ರ‍್ಯಾಲಿ ಗೆದ್ದರೂ ಸರ್ವ್ ಎದುರಾಳಿಯದಾಗಿದ್ದರೆ ಕೈಗೆ ಬರುವುದು ಸರ್ವ್ ಮಾಡುವ ಹಕ್ಕು ಅಷ್ಟೇ. ಇದರಿಂದಾಗಿ ಎಷ್ಟೇ ಮುಂದಿದ್ದರೂ ಎದುರಾಳಿ ಪೂರ್ತಿ ಸಾಯುವುದಿಲ್ಲ. ಕೊನೆಯ ಒಂದು ಪಾಯಿಂಟಿಗಾಗಿ ಸರ್ವ್ ಆ ಕಡೆ ಈ ಕಡೆ ಹತ್ತಾರು ಸಲ ಹರಿದಾಡಬಹುದು, ಸ್ಕೋರ್ ಬೋರ್ಡು ಅಲ್ಲಾಡದೆ ನಿಂತಿರಬಹುದು, ಕಾಲು ಮಾತ್ರ ಕರಗುತ್ತಿರುತ್ತದೆ. ಪ್ರತಿ ಊರಲ್ಲೂ ಪ್ರತಿ ಎದುರಾಳಿಗೂ ಒಂದೇ ಕನಸು: ಈ ಸರಪಣಿ ಕಡಿದವಳು ನಾನು ಎನಿಸಿಕೊಳ್ಳಬೇಕು. ಕಳೆದುಕೊಳ್ಳಲು ಅವರ ಬಳಿ ಏನೂ ಇರಲಿಲ್ಲ. ಪಾವೊಲಾ ಬಳಿ ಎಲ್ಲವೂ ಇತ್ತು.

ಅವಳು ಬದುಕಿಕೊಂಡದ್ದು ಹೇಗೆ? ಆಟ ನೋಡಿದರೆ ಗುಟ್ಟು ಮೇಲೇ ಕಾಣುತ್ತದೆ. ಕೋರ್ಟಿನ ನಡುಭಾಗವನ್ನು ಅವಳು ಬಿಟ್ಟುಕೊಡುವುದಿಲ್ಲ. ನಡುವನ್ನು ಹಿಡಿದವಳಿಗೆ ನಾಲ್ಕು ಮೂಲೆಗಳೂ ಒಂದೆರಡು ದಾಪುಗಾಲಿನ ದೂರ. ಬಿಟ್ಟವಳಿಗೆ ಇಡೀ ಪೆಟ್ಟಿಗೆ ಮೈದಾನವಾಗುತ್ತದೆ. ಎದುರಾಳಿ ಛಾವಣಿಗೆ ಹೊಡೆದು ಚೆಂಡನ್ನು ಹಿಂಗೋಡೆಗೆ ಅಟ್ಟುತ್ತಾಳೆ, ಪಾವೊಲಾಳನ್ನು ನಡುವಿನಿಂದ ಎಬ್ಬಿಸಲು. ಪಾವೊಲಾ ಹಿಂದೆ ಹೋಗುತ್ತಾಳೆ, ತಾನೂ ಛಾವಣಿಗೇ ಹೊಡೆಯುತ್ತಾಳೆ, ಮತ್ತೆ ನಡುವಿಗೆ. ಮತ್ತೊಮ್ಮೆ, ಮಗದೊಮ್ಮೆ. ಕೊನೆಗೆ ಎದುರಾಳಿಯ ಒಂದು ಹೊಡೆತ ಗೇಣಿನಷ್ಟು ಗಿಡ್ಡವಾಗುತ್ತದೆ. ಅಷ್ಟು ಸಾಕು. ಮೊಣಕಾಲು ಮಡಿಸಿ, ಪಾದದ ಎತ್ತರದಲ್ಲಿ ಚೆಂಡನ್ನು ಹಿಡಿದು, ಮೂಲೆಗೆ ಬಾರಿಸಿದಳೆಂದರೆ ಅದು ಪಕ್ಕದ ಗೋಡೆ ಸವರಿ ಎದುರುಗೋಡೆ ತಾಗಿ ಅಲ್ಲೇ ಸತ್ತುಬೀಳುತ್ತದೆ.

2014ರ ಸೆಪ್ಟೆಂಬರಿನಲ್ಲಿ ಸರಪಣಿ ಕಡಿಯಿತು. 152 ಗೆಲುವಿನ ಮೇಲೆ. ಕಡಿದವಳು ಯಾರು? ಹೊಸ ಚಿಗುರೇನೂ ಅಲ್ಲ. ಅದೇ ಹಳೆಯ ರಾಣಿ, ಮೂವತ್ತೈದು ದಾಟಿದ್ದ ರೋಂಡಾ ರಾಜ್ಸಿಚ್. ಅಷ್ಟು ವರ್ಷ ಅದೇ ಹುಡುಗಿಯ ಕೈಯಲ್ಲಿ ಪೆಟ್ಟು ತಿಂದು, ಮತ್ತೆ ಬಾಗಿಲು ತೆರೆದು ಒಳಹೋಗುತ್ತಿದ್ದ ಆಕೆಯ ಗುಂಡಿಗೆಗೂ ಒಂದು ಗಾಥೆ ಬರೆಯಬಹುದು. ಬರೆಯುವವರಿಲ್ಲ ಅಷ್ಟೆ.

ಇಷ್ಟುದ್ದದ ಓಟ ಮುಗಿದ ಮೇಲೆ ಮೈಯಲ್ಲಿನ ಗಾಳಿ ಹೋದಂತೆ ಕುಸಿಯುವವರುಂಟು. ಪಾವೊಲಾ ಮರುವರ್ಷ ಟೊರೊಂಟೊಗೆ ಹೋಗಿ ಪ್ಯಾನ್ ಅಮೆರಿಕನ್ ಕೂಟದ ಮೂರು ಚಿನ್ನವನ್ನೂ ಮತ್ತೆ ಬಾಚಿಕೊಂಡು ಬಂದಳು. 2016ರಲ್ಲಿ ಅದೇ ಕಾಲಿಯಲ್ಲಿ ಮೂರನೇ ವಿಶ್ವ ಪ್ರಶಸ್ತಿ.

ಅಪಾಯ ಈಗ ಬೇರೆ ದಿಕ್ಕಿನಿಂದ ಬರತೊಡಗಿತ್ತು. ಬೊಲಿವಿಯಾದಲ್ಲಿ ಹುಟ್ಟಿ ಅರ್ಜೆಂಟೀನಾ ಪರ ಆಡುವ ಮರಿಯಾ ಹೊಸೆ ವರ್ಗಸ್ ಫೈನಲ್‌ಗಳಲ್ಲಿ ಎದುರಾಗುತ್ತಿದ್ದಳು. ಗ್ವಾಟೆಮಾಲಾದಿಂದ ಅನಾ ಗಾಬ್ರಿಯೆಲಾ ಮಾರ್ಟಿನೆಸ್ ಎಂಬ ಹುಡುಗಿ ಮೇಲೆದ್ದಿದ್ದಳು. 2018ರ ವಿಶ್ವ ಚಾಂಪಿಯನ್‌ಷಿಪ್, ಕೋಸ್ಟರಿಕಾದ ಸಾನ್ ಹೊಸೆ. ಫೈನಲ್. ಒಂದು ಕಡೆ ಸತತ ಮೂರು ಸಲದ ಚಾಂಪಿಯನ್, ಇನ್ನೊಂದು ಕಡೆ ಹದಿಹರೆಯದ ಮಾರ್ಟಿನೆಸ್. ಹತ್ತು ವರ್ಷದ ಹಿಂದೆ ಪಾವೊಲಾ ರಾಜ್ಸಿಚ್‌ಗೆ ಮಾಡಿದ್ದನ್ನು ಈ ಹುಡುಗಿ ಪಾವೊಲಾಗೆ ಮಾಡಿದಳು. ಕಿರೀಟ ಗ್ವಾಟೆಮಾಲಾಕ್ಕೆ ಹೋಯಿತು.

ಸೋತ ಮೇಲೆ ಮತ್ತೆ ಎದ್ದು ನಿಲ್ಲಲು ಈ ಸಲ ತವರಿನ ಆಸರೆಯೂ ಇರಲಿಲ್ಲ. 2019ರ ಪ್ಯಾನ್ ಅಮೆರಿಕನ್ ಕೂಟ ಪೆರುವಿನ ಲಿಮಾದಲ್ಲಿ. ಕಡಲಂಚಿನ ದಪ್ಪ ಗಾಳಿ, ನಿಧಾನದ ಚೆಂಡು, ಮೂವತ್ತು ತುಂಬಿದ ಮೈ. ಯುವತಿಯರ ಕಾಲು ಗೆಲ್ಲುವ ಜಾಗ ಅದು, ಏಕೆಂದರೆ ಚೆಂಡು ನಿಧಾನವಾದಷ್ಟೂ ರ‍್ಯಾಲಿ ಬೆಳೆಯುತ್ತದೆ. ಪಾವೊಲಾ ಅಲ್ಲೂ ಸಿಂಗಲ್ಸ್ ಗೆದ್ದಳು, ಸಾಲಸ್ ಜೊತೆ ಡಬಲ್ಸ್ ಗೆದ್ದಳು, ತಂಡದ ಚಿನ್ನವನ್ನೂ ತಂದಳು. ಮೂರು ಕೂಟ, ಒಂಬತ್ತು ಚಿನ್ನ.

2022ರ ಜುಲೈನಲ್ಲಿ, ಮೂವತ್ತಮೂರು ತುಂಬಲು ಕೆಲವೇ ದಿನ ಇರುವಾಗ, ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ವಿಶ್ವ ಕ್ರೀಡಾಕೂಟದಲ್ಲಿ ಮತ್ತೆ ಸಿಂಗಲ್ಸ್ ಚಿನ್ನ. ಪ್ರೊ ಟೂರ್‌ನ ಸಿಂಗಲ್ಸ್ ಪ್ರಶಸ್ತಿಗಳು ಆ ಹೊತ್ತಿಗೆ ನೂರು ದಾಟಿದ್ದವು. ಅವಳ ಹೆಸರಿನದೇ ಟೂರ್ನಿಯೊಂದು ಸಾನ್ ಲೂಯಿಸ್ ಪೊತೊಸಿಯಲ್ಲಿ ನಡೆಯತೊಡಗಿತ್ತು. ಅವಳನ್ನು ಕೆಡವಲು ಹೊಸದಾಗಿ ಎದ್ದುಬಂದ ಮೊಂಟ್ಸೆರಾಟ್ ಮೆಹಿಯಾ ಕೂಡ ಅದೇ ಊರಿನ ಹುಡುಗಿ!

ಇದೆಲ್ಲ ನಡೆದದ್ದು ಟಿವಿಯಲ್ಲಿ ಹೆಚ್ಚಾಗಿ ಕಾಣದ, ಹಣದ ಹೊಳೆ ಹರಿಯದ ಒಂದು ಆಟದಲ್ಲಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಸ್ಕ್ವಾಷ್ ಒಳಬಂತು, ರ‍್ಯಾಕೆಟ್‌ಬಾಲ್ ಬರಲಿಲ್ಲ. ಅಮೆರಿಕದಲ್ಲೇ ಹುಟ್ಟಿದ ಆಟಕ್ಕೆ ಅಮೆರಿಕದ ನೆಲದ ಒಲಿಂಪಿಕ್ಸಿನಲ್ಲೂ ಬಾಗಿಲು ತೆರೆಯಲಿಲ್ಲ ಎಂಬುದು ನನಗಂತೂ ಸಿಟ್ಟು ಬರಿಸುವ ಸಂಗತಿ.

2024ರ ಚುನಾವಣೆಯಲ್ಲಿ ಪಾವೊಲಾ ಇನ್ನೊಂದು ಕೋಣೆ ಹೊಕ್ಕಳು. ಮೂವಿಮಿಯೆಂತೊ ಸಿಯುದಾದಾನೊ ಪಕ್ಷದಿಂದ ಮೆಕ್ಸಿಕೊ ಸಂಸತ್ತಿನ ಕೆಳಮನೆಗೆ ಆರಿಸಿಬಂದಳು. ಅಲ್ಲಿ ಎದುರಾಳಿ ಒಬ್ಬಳೇ ಅಲ್ಲ, ಒಟ್ಟು 500 ಸದಸ್ಯರು. ಚೆಂಡು ನೆಲಕ್ಕೆ ಎಷ್ಟು ಸಲ ಪುಟಿದರೂ ಅಲ್ಲಿ ಯಾರೂ ಸೋಲೊಪ್ಪಿಕೊಳ್ಳುವುದಿಲ್ಲ.