ಬೀಜ ಮತ್ತು ಸುಂಕು

ನಮ್ಮ ಅಡಿಕೆ ತೋಟದ ಬೇಲಿಯ ಮೇಲೆ ನಸುಗುನ್ನಿ ಬಳ್ಳಿ ಹಬ್ಬಿತ್ತು. ಶಿವರಾತ್ರಿಯ ಹೊತ್ತಿಗೆ ಕಾಯಿ ಒಣಗಿ ಕಂಬಳಿಹುಳುವಿನಂತೆ ತೂಗುತ್ತಿತ್ತು. ಗೊತ್ತಿದ್ದವರು ಮಾರು ದೂರ ನಿಲ್ಲುವರು. ಅಣ್ಣ ಮಾತ್ರ ಬಾಳೆಲೆಯ ಚೂರಿನಲ್ಲಿ ಹಿಡಿದು ಕೊಯ್ದು, ಬೀಜ ಬಿಸಾಡಿ, ಮೇಲಿನ ಸುಂಕನ್ನು ಪೊಟ್ಟಣ ಕಟ್ಟಿಡುತ್ತಿದ್ದ. ಅವನ ಪ್ರಯೋಗಶಾಲೆ ನನ್ನ ಬೆನ್ನು. ನಾನು ಕುಣಿದು ಅತ್ತು ಮುಗಿಸುವಷ್ಟರಲ್ಲಿ ಕೊಟ್ಟಿಗೆಯಿಂದ ಸೆಗಣಿ ತಂದು, ಬೆನ್ನಿಗೆ ಮೆತ್ತಿ, ಬಾವಿಕಟ್ಟೆಯಲ್ಲಿ ತೊಳೆಯುತ್ತಿದ್ದವನೂ ಅವನೇ. ಅಮ್ಮನಿಗೆ ಹೇಳದಿರಲು ಒಂದು ಪೆಪ್ಪರಮೆಂಟು.

ಸಂಸ್ಕೃತದಲ್ಲಿ ನಸುಗುನ್ನಿಗೆ ಕಪಿಕಚ್ಛು ಎನ್ನುತ್ತಾರೆ. ಕೋತಿಯ ತುರಿಕೆ! ಇನ್ನೊಂದು ಹೆಸರು ಆತ್ಮಗುಪ್ತಾ, ತನ್ನನ್ನು ತಾನೇ ಕಾಯ್ದುಕೊಳ್ಳುವಂಥದ್ದು. ಹೊರಗೆ ಇಷ್ಟು ಕಾವಲಿದ್ದರೆ ಒಳಗೆ ಏನೋ ಇರಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಅಣ್ಣನಿಗೆ 52 ದಾಟಿದಾಗ ಲೆಕ್ಕದ ಪುಸ್ತಕದಲ್ಲಿ ಅವನ ಅಕ್ಷರ ಸಣ್ಣಗಾಗತೊಡಗಿತು. ಸಾಲಿನ ಮೊದಲಲ್ಲಿ ಕಡಲೆಕಾಳು, ಕೊನೆಯಲ್ಲಿ ಸಾಸಿವೆ. ‘ಜಿಪುಣ, ಶಾಯಿ ಉಳಿಸ್ತಾನೆ’ ಎಂದು ನಾನು ನಕ್ಕೆ. ಆಮೇಲೆ ನಡೆಯುವಾಗ ಬಲಗೈ ಬೀಸುವುದು ನಿಂತಿತು. ಕೂತಲ್ಲಿ ಅದೇ ಕೈಯ ಬೆರಳುಗಳು ಏನನ್ನೋ ಉಂಡೆ ಕಟ್ಟತೊಡಗಿದವು. ನರವೈದ್ಯರು ಅವನನ್ನು ನಡೆಸಿ ನೋಡಿ ಪಾರ್ಕಿನ್‌ಸನ್ ಎಂದರು. ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದದ್ದು ಆರೇ ಜನರನ್ನು ಕಂಡು, ಅದರಲ್ಲೂ ಕೆಲವರನ್ನು ಬರೀ ಬೀದಿಯಲ್ಲಿ ನೋಡಿ. ದಾರಿಹೋಕರಲ್ಲಿ ಅದನ್ನು ಗುರುತಿಸಿದ ಅವನೆಲ್ಲಿ, ಒಂದೇ ಜಗುಲಿಯಲ್ಲಿ ಕೂತು ಶಾಯಿಯ ತಮಾಷೆ ಮಾಡಿದ ನಾನೆಲ್ಲಿ!

ಮಿದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತ ಹೋಗುತ್ತವಂತೆ. ಡೋಪಮಿನ್ನನ್ನೇ ನುಂಗಿದರೆ ಅದು ಮಿದುಳಿನ ಹೊಸ್ತಿಲು ದಾಟದು. ಲೆವೊಡೋಪ ದಾಟುತ್ತದೆ, ದಾಟಿದ ಮೇಲೆ ಡೋಪಮಿನ್ ಆಗುತ್ತದೆ. ಮೊದಲ ಮಾತ್ರೆಗಳ ದಿನಗಳಲ್ಲಿ ಅಣ್ಣ ಎದ್ದು ತೋಟಕ್ಕೆ ಹೋಗಿಬಂದ. ಆ ಖುಷಿಯಲ್ಲಿ ನಾನು ಮಾತ್ರೆಯ ಪೂರ್ವಾಪರ ಹುಡುಕಿದೆ. 1913ರಲ್ಲಿ ಗುಗೆನ್‌ಹೈಮ್ ಎಂಬಾತ ಒಂದು ಜಾತಿಯ ಅವರೆಯಿಂದ ಲೆವೊಡೋಪ ಬೇರ್ಪಡಿಸಿ, ತಾನೇ ನುಂಗಿ, ಚೆನ್ನಾಗಿ ವಾಂತಿ ಮಾಡಿಕೊಂಡನಂತೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನೇ ಇನ್ನೊಂದು ಬೀಜದಲ್ಲಿ ಕಂಡರು. ಯಾವ ಬೀಜ? ನಸುಗುನ್ನಿ! ಲೆವೊಡೋಪವನ್ನು ಹೇಗೆ ಕೊಟ್ಟರೆ ರೋಗಿ ತಾಳಿಕೊಂಡಾನು ಎಂದು ಅಮೆರಿಕದ ಕೋಟ್ಜಿಯಾಸ್ ತೋರಿಸಲು ಇನ್ನೂ 30 ವರ್ಷ ಹಿಡಿಯಿತು. ಸ್ವಲ್ಪದಿಂದ ಶುರುಮಾಡಿ ನಿಧಾನ ಏರಿಸಬೇಕು, ಅಷ್ಟೇ. ಅಜ್ಜಿಯರು ಮಕ್ಕಳಿಗೆ ಕಷಾಯ ಅಭ್ಯಾಸ ಮಾಡಿಸುವುದೂ ಹೀಗೇ.

ಸುದ್ದಿ ತಿಳಿದ ನೆಂಟರೆಲ್ಲ ‘ಹಾಗಾದ್ರೆ ಮಾತ್ರೆ ಯಾಕೆ, ಬೀಜವನ್ನೇ ಅರೆದು ಕುಡಿಸಿ’ ಎಂದರು. ಡಾಕ್ಟರು ಬೇಡವೆಂದರು.

ಮಾತ್ರೆ ಸತ್ತ ಜೀವಕೋಶವನ್ನು ಎಬ್ಬಿಸುವುದಿಲ್ಲ, ಸಾಲ ಕೊಡುತ್ತದೆ. ವರ್ಷ ಕಳೆದಂತೆ ಸಾಲದ ಅವಧಿ ಕಿರಿದಾಯಿತು. ನಾಲ್ಕು ಗಂಟೆ, ಮೂರು, ಎರಡು. ಅಣ್ಣನ ಮುಖ ಗೋಡೆಯಾಯಿತು. ನನ್ನ ಬೆನ್ನು ನೋಡಿ ಬಿದ್ದುಬಿದ್ದು ನಗುತ್ತಿದ್ದ ಮುಖ. ಮಾತು ಕೇಳಲು ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಒಂದು ದಿನ ಒಣಗಿದ ಕಾಯಿಯೊಂದನ್ನು ಕಾಗದದಲ್ಲಿ ತಂದು ಮದರಾಸಿನ ಕಥೆ ಹೇಳಿದೆ. ರೆಪ್ಪೆ ಅಲ್ಲಾಡಲಿಲ್ಲ. ಕೇಳಿಸಿಲ್ಲವೆಂದು ಏಳಹೊರಟಾಗ ತುಟಿ ಕದಲಿತು. ಬಗ್ಗಿದೆ.

‘ಬೀಜ ಬಿಸಾಕಿ ಸುಂಕು ಇಟ್ಕಂಡಿದ್ವಲ್ಲೋ.’

ನಾನು ನಕ್ಕೆ, ಇಬ್ಬರ ಪಾಲಿನದನ್ನೂ.

ಗಂಜಿ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದು, ನ್ಯುಮೋನಿಯಾ ಆಗಿ, ಒಂಬತ್ತೇ ದಿನಕ್ಕೆ ಹೋದ.

ಮರುವರ್ಷ ಬೇಲಿ ಸವರಲು ಆಳು ಸಿಗದೆ ನಾನೇ ಕತ್ತಿ ಹಿಡಿದೆ. ಬಳ್ಳಿ ಎಳೆದ ರಭಸಕ್ಕೆ ಕಾಯಿಯೆಲ್ಲ ಅಂಗಿಯೊಳಗೆ ಉದುರಿತು. 60ರ ಹತ್ತಿರದವನು ಅಂಗಳದಲ್ಲಿ ಕುಣಿದದ್ದನ್ನು ಕಂಡು ಅತ್ತಿಗೆ ಒಳಗೋಡಿದರು, ನಗುವುದಕ್ಕೇ ಇರಬೇಕು. ಕೊಟ್ಟಿಗೆಗೆ ಹೋಗಿ ಮುಷ್ಟಿ ಸೆಗಣಿ ತೆಗೆದುಕೊಂಡೆ. ಭುಜದ ಮೇಲಿನಿಂದ ಹಚ್ಚಿ ನೋಡಿದೆ, ಸೊಂಟದ ಕಡೆಯಿಂದ ನೋಡಿದೆ. ಬೆನ್ನಿನ ನಡುವಿಗೆ ಕೈ ಎಟುಕಲಿಲ್ಲ.