ಎರಡು ನಾಡಿನ ಕಾಲುವೆಗಳು

ಹಚ್ಚೊಳ್ಳಿಯವರಾದ ನಮಗೆ ಕಾಲುವೆ ಎಂದರೆ ಭತ್ತ. ತುಂಗಭದ್ರೆಯ ನೀರನ್ನು ಯಾವಾಗ ಬಿಡುತ್ತಾರೆ ಎಂಬುದೇ ಮುಂಗಾರಿನಲ್ಲಿ ಎಲ್ಲರ ಮೊದಲ ಮಾತು. ನಿವೃತ್ತಿಯ ಬಳಿಕ ಮಗನ ಮನೆಗೆಂದು ನೆದರ್ಲೆಂಡ್ಸ್‌ಗೆ ಹೋದಾಗ, ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇರೆ ಬಗೆಯ ಕಾಲುವೆಗಳನ್ನು ಕಂಡೆ.

ಅಲ್ಲಿಯ ನೆಲ ಜೌಗು. ನೀರನ್ನು ತರುವುದಲ್ಲ, ನೀರಿನಿಂದ ನೆಲವನ್ನು ಬಿಡಿಸಿಕೊಳ್ಳುವುದೇ ಅವರ ಪಾಡು. 1613ರಿಂದ ಊರಿನ ಸುತ್ತ ಅರ್ಧಚಂದ್ರಾಕಾರವಾಗಿ ತೋಡಿದ ಕಾಲುವೆಗಳು ನೀರನ್ನು ಬಸಿದವು. ಸರಕಿನ ದೋಣಿಗಳನ್ನು ಉಗ್ರಾಣಗಳ ಬಾಗಿಲಿಗೇ ತಂದವು. ಹಳೆಯ ಕಟ್ಟಡಗಳೆಲ್ಲ ನೆಲದಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿವೆ. ಅರಮನೆಯೊಂದಕ್ಕೇ 13,659 ಕಂಬಗಳಂತೆ! ಕಮಾನು ಸೇತುವೆಗಳನ್ನು ಹತ್ತಿ ಇಳಿಯಲು ನನ್ನ ಮೊಣಕಾಲುಗಳು ಒಪ್ಪಲಿಲ್ಲ. ದೋಣಿಯಲ್ಲಿ ಕುಳಿತೇ ಊರು ನೋಡಿದೆ.

ಬೇಡವಾದ ಹಲವು ಕಾಲುವೆಗಳನ್ನು 19ನೆಯ ಶತಮಾನದಲ್ಲಿ ಮುಚ್ಚಿ ಬೀದಿಗಳನ್ನಾಗಿ ಮಾಡಿದರು. ಉಳಿದ ಕಾಲುವೆಗಳ ವಲಯ 2010ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ಹಂಪೆ 1986ರಲ್ಲಿಯೇ ಆ ಪಟ್ಟಿಯಲ್ಲಿ ಸ್ಥಾನ ಪಡೆದಿದೆ. 1565ರ ಯುದ್ಧದ ನಂತರ ಅಲ್ಲಿಯ ಅರಮನೆಗಳು ಬರೀ ತಳಪಾಯಗಳಾಗಿ ಉಳಿದವು. ಆದರೆ ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆ ಇಂದಿಗೂ ಬಾಳೆಯ ತೋಟಗಳಿಗೂ ಭತ್ತದ ಗದ್ದೆಗಳಿಗೂ ಹರಿಯುತ್ತಿದೆ. ಅರಸರು ಹೋದರೂ ರೈತರಿಗೆ ನೀರು ಬೇಕಿತ್ತು, ಕಾಲುವೆ ಬದುಕಿತು. ಪ್ರವಾಸಿಗರು ಮಾತ್ರ ಕಲ್ಲಿನ ರಥವನ್ನು ನೋಡಿ, ಕಾಲುವೆಯನ್ನು ಗಮನಿಸದೆ ದಾಟಿಹೋಗುತ್ತಾರೆ.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು: ಹಂಪೆಗೆ ಹೋದರೆ ಮಾತಂಗ ಬೆಟ್ಟವನ್ನು ಹತ್ತಲೇಬೇಕೆಂದಿಲ್ಲ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತುರ್ತಾ ಕಾಲುವೆಯ ದಂಡೆಯಲ್ಲಿ ಅರ್ಧ ಗಂಟೆ ಕುಳಿತು, ಆ ನೀರು ಎಲ್ಲಿಗೆ ಹೋಗುತ್ತದೆಂದು ತೋರಿಸಿರಿ.