ಅತ್ತಿಕಾಯಿ: ಕೆಲವು ತಕರಾರುಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಅತ್ತಿ ಕುಲಕ್ಕೆ ಸಿಕ್ಕಿರುವುದು ಕೆಲವೇ ಸಾಲು. ಸಹಜೀವನಕ್ಕೆ ಉದಾಹರಣೆ. ಮರ ಕಣಜಕ್ಕೆ ಮೊಟ್ಟೆಯಿಡಲು ಜಾಗ ಕೊಡುತ್ತದೆ, ಕಣಜ ಮರಕ್ಕೆ ಪರಾಗ ತಂದುಕೊಡುತ್ತದೆ, ಒಂದು ಜಾತಿ ಮರಕ್ಕೆ ಒಂದೇ ಜಾತಿ ಕಣಜ. ಪರೀಕ್ಷೆಗೆ ಇಷ್ಟು ಸಾಕು. ಕಾಯಿ ಕೊಯ್ದು ನೋಡಿದವರಿಗೆ ಸಾಲದು.

*

ಕಾಂಡಕ್ಕೇ ಜೋತುಬಿದ್ದ ಗೊಂಚಲಿನಿಂದ ಒಂದು ಹಸಿರು ಕಾಯಿ ಕಿತ್ತು ಬ್ಲೇಡಿನಲ್ಲಿ ಎರಡು ಹೋಳು ಮಾಡಿದೆ. ಬೆರಳಿಗೆ ಹಾಲು ಮೆತ್ತಿಕೊಂಡಿತು. ಒಳಗೆ ಟೊಳ್ಳು, ಅದರ ಗೋಡೆಯ ತುಂಬ ಒತ್ತೊತ್ತಾಗಿ ಸಾವಿರಗಟ್ಟಲೆ ಹೂ. ನಾವು ಕಾಯಿ ಎನ್ನುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ತುದಿಯಲ್ಲಿ ಸಣ್ಣ ಬಾಯಿ, ಅದಕ್ಕೂ ಹೊಟ್ಟಿನಂಥ ಎಸಳುಗಳ ಅಡ್ಡಗಟ್ಟು. ಆ ಸಂದಿಯಲ್ಲೇ ಹೆಣ್ಣು ಕಣಜ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ, ಕುಡಿಮೀಸೆ ಮುರಿಯುತ್ತದೆ. ಎದೆಯ ಬಳಿಯ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಸವರುತ್ತದೆ, ಕೆಲವು ಹೂಗಳ ಅಂಡಾಶಯಕ್ಕೆ ಒಂದೊಂದು ಮೊಟ್ಟೆ ಇಳಿಸುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಗಂಟಾಗಿ ಕಣಜದ ಮರಿಯನ್ನು ಸಾಕುತ್ತದೆ. ಮೊಟ್ಟೆ ತಪ್ಪಿಸಿಕೊಂಡು ಪರಾಗ ಪಡೆದ ಹೂ ಬೀಜವಾಗುತ್ತದೆ. ನಮ್ಮ ಹಳ್ಳದ ದಂಡೆಯ ಅತ್ತಿಗೆ ಹೀಗೆ ಬರುವ ಕಣಜ ಸೆರಾಟೊಸೋಲೆನ್ ಫ್ಯೂಸಿಸೆಪ್ಸ್.

ಕೆಲವು ವಾರ ಕಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಗಂಟು ಒಡೆದು ಬರುತ್ತವೆ. ಹೆಣ್ಣು ಇನ್ನೂ ಗಂಟಿನೊಳಗೆ ಇರುವಾಗಲೇ ಅದನ್ನು ಕೂಡುತ್ತವೆ, ಆಮೇಲೆ ಸೇರಿಕೊಂಡು ಗೋಡೆ ಕೊರೆದು ದಾರಿ ಮಾಡುತ್ತವೆ. ಅಷ್ಟರಲ್ಲಿ ಅರಳಿದ ಗಂಡು ಹೂಗಳ ಪರಾಗ ತುಂಬಿಕೊಂಡು ಆ ದಾರಿಯಲ್ಲಿ ಹಾರಿಹೋಗುವವು ಹೆಣ್ಣುಗಳು. ದಾರಿ ಕೊರೆದವುಗಳು ಕೆಳಗೆ ಉದುರಿ ಇರುವೆಗಳ ಪಾಲು.

*

ದೊಡ್ಡ ತಕರಾರು ಇಲ್ಲಿ. ಕಣಜ ಎಲ್ಲ ಹೂಗಳಿಗೂ ಏಕೆ ಮೊಟ್ಟೆ ತುಂಬುವುದಿಲ್ಲ? ಹೆಚ್ಚು ಹೂ ಹಿಡಿದ ಹೆಣ್ಣಿಗೆ ಹೆಚ್ಚು ಮರಿ. ನಿಸರ್ಗದ ಆಯ್ಕೆ ಅಂಥವಳನ್ನೇ ಮುಂದೆ ತರಬೇಕು. ಮರದ ಒಂದು ತಲೆಮಾರು ಮುಗಿಯುವಷ್ಟರಲ್ಲಿ ಕಣಜದ ನೂರಾರು ತಲೆಮಾರು ಕಳೆಯುತ್ತವೆ, ಓಟದಲ್ಲಿ ಅದೇ ಮುಂದಿರಬೇಕಿತ್ತು. ಆದರೂ ಆರು ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ ಕಾಯಿಯಲ್ಲಿ ಬೀಜ ಉಳಿದುಕೊಂಡೇ ಬಂದಿದೆ.

ಉತ್ತರಪತ್ರಿಕೆಗಳಲ್ಲಿ ಕಾಣುವ ಸಮಾಧಾನ: ಮರ ಉಳಿದರೆ ತಾನೂ ಉಳಿಯುತ್ತೇನೆಂದು ಕಣಜ ತಡೆದುಕೊಳ್ಳುತ್ತದೆ. ಇದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು. ಜಾತಿಯ ಭವಿಷ್ಯ ನೋಡಿ ಇಂದು ಹೊಟ್ಟೆ ಕಟ್ಟಿಕೊಳ್ಳುವ ಹುಳವನ್ನು ಆಯ್ಕೆ ಉಳಿಸುವುದಿಲ್ಲ. ಪಕ್ಕದ ಹುಳ ಕಟ್ಟಿಕೊಳ್ಳದಿದ್ದರೆ ಮುಗಿಯಿತು.

*

ಕಾಯಿಯ ಹೊರಮೈ ಮೇಲೂ ಕಣಜಗಳು ನಿಂತಿರುತ್ತವೆ. ಇವು ಬೇರೆ. ಒಳಗೆ ಹೋಗುವುದಿಲ್ಲ, ಪರಾಗ ಮುಟ್ಟುವುದಿಲ್ಲ. ಒಂದರ ಹಿಂದೆ ಮೈಗಿಂತ ಉದ್ದದ, ಕೂದಲಿಗಿಂತ ತೆಳುವಾದ ನಳಿಗೆ. ಹಿಂಭಾಗ ಎತ್ತಿ, ನಳಿಗೆಯನ್ನು ನೆಟ್ಟಗೆ ಕಾಯಿಗೆ ಊರಿ, ಹಸಿ ಗೋಡೆಯನ್ನೇ ತೂತು ಮಾಡಿ ಒಳಗಿನ ಮರಿಗಳ ಮೇಲೆ ತನ್ನ ಮೊಟ್ಟೆ ಇಡುತ್ತದೆ. ಕೊರೆಯುವಾಗ ನಳಿಗೆ ಮುರಿಯದಿರುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಳಿಗೆಯ ತುದಿಗೆ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತು ಇದೆ.

ಈ ಕಳ್ಳರೇ ನನ್ನ ತಕರಾರಿಗೆ ಅರ್ಧ ಉತ್ತರ. ಆಸ್ಟ್ರೇಲಿಯಾದ ಫೈಕಸ್ ರುಬಿಜಿನೋಸ ಎಂಬ ಮರದ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಕೆಲಸ ಹೇಳುವುದು ಇಷ್ಟು: ಕಾಯಿಯ ನಡುಭಾಗಕ್ಕೆ ಹತ್ತಿರವಿರುವ ಗಂಟುಗಳಿಗೆ ಹೊರಗಿನವರ ನಳಿಗೆ ಎಟುಕುವುದಿಲ್ಲ, ಗೋಡೆಗೆ ಹತ್ತಿರದವುಗಳಿಗೆ ಎಟುಕುತ್ತದೆ. ಆದ್ದರಿಂದ ಗೋಡೆಯ ಪಕ್ಕದ ಹೂಗಳಲ್ಲಿ ಮೊಟ್ಟೆಯಿಟ್ಟು ಕಣಜಕ್ಕೆ ಲಾಭ ಕಡಿಮೆ. ಅವು ಬೀಜವಾಗಿ ಮರಕ್ಕೆ ಉಳಿಯುತ್ತವೆ. ಅಂದರೆ ಮರ ಮತ್ತು ಕಣಜದ ಸ್ನೇಹವನ್ನು ಕಾಯುತ್ತಿರುವವರಲ್ಲಿ ಇಬ್ಬರಿಗೂ ಬೇಡವಾದ ಪರಾವಲಂಬಿಯೂ ಒಬ್ಬ! ಇದು ಸಹಜೀವನದ ಪಾಠಕ್ಕೆ ಸೇರಬೇಕೋ ಪರಾವಲಂಬನೆಯ ಪಾಠಕ್ಕೋ? ಮರದ ಮೇಲಿನ ಚಗಳಿ ಇರುವೆ ಇದನ್ನೆಲ್ಲ ವಿಚಾರಿಸುವುದಿಲ್ಲ. ನಳಿಗೆ ಊರಿ ಅಲ್ಲಾಡಲಾಗದೆ ನಿಂತ ಕಣಜವನ್ನು ಹಿಡಿದು ಒಯ್ಯುತ್ತದೆ.

*

ಪರಾಗ ತರದೆ ಬರೀ ಮೊಟ್ಟೆಯಿಟ್ಟು ಹೋಗುವ ಕಣಜ ಇದ್ದರೆ? ಪನಾಮಾದಲ್ಲಿ ಬೇಕೆಂದೇ ಪರಾಗವಿಲ್ಲದ ಕಣಜಗಳನ್ನು ಕಾಯಿಯೊಳಗೆ ಬಿಟ್ಟು ನೋಡಿದರು, 2010ರಲ್ಲಿ ಬರೆದರು. ಕಣಜವೇ ಕೈಯಾರೆ ಪರಾಗ ಸವರುವ ಜಾತಿಗಳಲ್ಲಿ, ಹಾಗೆ ವಂಚಿಸಿದ ಕಾಯಿಗಳನ್ನು ಮರ ಹೆಚ್ಚಾಗಿ ಉದುರಿಸಿತು. ಉದುರದೆ ಉಳಿದವುಗಳಲ್ಲೂ ಮರಿಗಳು ಕಡಿಮೆ. ಇದಕ್ಕೆ ಶಿಕ್ಷೆ ಎಂದು ಹೆಸರಿಟ್ಟಿದ್ದಾರೆ. ನನಗೆ ಆ ಹೆಸರು ಸ್ವಲ್ಪ ಭಾರಿ ಎನಿಸುತ್ತದೆ. ಬೀಜ ಕಟ್ಟದ ಕಾಯಿಯನ್ನು ಉದುರಿಸುವುದು ಮಾವಿಗೂ ಗೊತ್ತು. ಸ್ಮಿರ್ನಾ ಅಂಜೂರವನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟವರು ವರ್ಷಗಟ್ಟಲೆ ಉದುರಿದ ಕಾಯಿ ಗುಡಿಸಿದರು. 1899ರಲ್ಲಿ ಅದರ ಕಣಜ ಅಲ್ಲಿ ನೆಲೆಯಾದ ಮೇಲೆಯೇ ಫಸಲು ಕೈಗೆ ಬಂದದ್ದು. (ಸಸ್ಯಾಹಾರಿಗಳ ಗಾಬರಿಗೆ: ನಮ್ಮ ಅಂಗಡಿಯ ಪೂನಾ ಅಂಜೂರ ಪರಾಗವಿಲ್ಲದೆಯೇ ಹಣ್ಣಾಗುವ ತಳಿ. ಅದಕ್ಕೆ ಕಣಜ ಬೇಡ.)

*

ಒಂದು ಮರಕ್ಕೆ ಒಂದೇ ಕಣಜ ಎಂಬ ಮಾತೂ ಸಡಿಲವಾಗಿದೆ. ಡಿಎನ್‌ಎ ನೋಡಲು ಶುರುಮಾಡಿದ ಮೇಲೆ, ಒಂದೇ ಎಂದುಕೊಂಡಿದ್ದ ಕಣಜ ಹಲವು ಕಡೆ ಎರಡು ಜಾತಿಯಾಗಿ ಹೊರಬಿತ್ತು. ಕಣ್ಣಿಗೆ ಒಂದೇ ಥರ. ಪುಸ್ತಕದ ಸಾಲು ತಿದ್ದುವ ಕಾಲ ಬಂದಿದೆ.

*

ಇನ್ನೊಂದು ತಕರಾರು ಕಾಲದ್ದು. ಹಾರಿಬಂದ ಹೆಣ್ಣಿನ ಆಯುಷ್ಯ ಒಂದೆರಡು ದಿನ. ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಂದೇ ಹಂತದಲ್ಲಿರುವುದರಿಂದ ಹುಟ್ಟಿದ ಮರ ಅದಕ್ಕೆ ಉಪಯೋಗವಿಲ್ಲ. ಆ ಒಂದೆರಡು ದಿನದೊಳಗೆ ಎಳೆಗಾಯಿ ಇರುವ ತನ್ನದೇ ಜಾತಿಯ ಬೇರೊಂದು ಮರವನ್ನು ವಾಸನೆ ಹಿಡಿದು ಮುಟ್ಟಬೇಕು. ನಮೀಬಿಯಾದ ಮರುಭೂಮಿಯಲ್ಲಿ ನಮ್ಮ ಅತ್ತಿಯ ಹತ್ತಿರದ ಸಂಬಂಧಿಯೊಂದರ ಕಣಜ ಗಾಳಿಗೆ ಮೈಯೊಡ್ಡಿ 160 ಕಿಲೋಮೀಟರ್‌ವರೆಗೂ ಪರಾಗ ಒಯ್ಯುತ್ತದೆಂದು 2009ರಲ್ಲಿ ತೋರಿಸಿದರು.

ಅದಕ್ಕೇ ಯಾವ ತಿಂಗಳಲ್ಲೂ ಎಲ್ಲೋ ಒಂದು ಮರ ಕಾಯಿ ಹಿಡಿದಿರಲೇಬೇಕು. ಮಿಕ್ಕ ಮರಗಳೆಲ್ಲ ಬರಿದಾದಾಗ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿ, ಕೆಂದಳಿಲು ಅತ್ತಿ, ಆಲ, ಬಸರಿಗಳಿಗೆ ಮುತ್ತುವುದು ಇದರಿಂದ. ಪೆರುವಿನ ಕಾಡಿನಲ್ಲಿ ಇದನ್ನು ಕಂಡ ಜಾನ್ ಟೆರ್‌ಬೋರ್ಗ್ 1986ರಲ್ಲಿ ಈ ಕುಲದ ಮರಗಳನ್ನು ಕೀಸ್ಟೋನ್ ಸಂಪನ್ಮೂಲ ಎಂದರು. ಒಂದನ್ನು ತೆಗೆದರೆ ಅದಕ್ಕೆ ಆತುಕೊಂಡ ಹಲವು ಕುಸಿಯುತ್ತವೆ ಎಂಬ ಅರ್ಥದಲ್ಲಿ. ಗ್ಯಾಬೊನ್‌ನಲ್ಲಿ ನೋಡಿದವರು ತಮ್ಮ ಕಾಡಿಗೆ ಆ ಮಾತು ಹೊಂದುವುದಿಲ್ಲ ಎಂದರು. ಇರಲಿ. ದೊಡ್ಡ ಕೊಕ್ಕಿನ ಮಂಗಟ್ಟೆಯ ಬೇಸಿಗೆಯ ಊಟ ಎರಡು ದಿನ ಬಾಳುವ ಹುಳದ ಅವಸರಕ್ಕೆ ಗಂಟುಬಿದ್ದಿದೆ ಎಂಬುದು ನನಗೆ ಇದೆಲ್ಲದರಲ್ಲಿ ಅತಿ ಸೋಜಿಗದ ಸಂಗತಿ.

*

ಒಂದು ಸೀಮೆಯಲ್ಲಿ ಕಣಜದ ಸಂತತಿ ಕಡಿಯದಿರಲು ಎಷ್ಟು ಮರ ಬೇಕು? ಆಫ್ರಿಕಾದ ಒಂದು ಜಾತಿಗೆ ಜೂಡಿತ್ ಬ್ರಾನ್‌ಸ್ಟೀನ್ ಮತ್ತು ಜೊತೆಗಾರರು 1990ರಲ್ಲಿ ಲೆಕ್ಕ ಹಾಕಿದಾಗ ಬಂದದ್ದು ನೂರರ ಹತ್ತಿರ. ಅತ್ತಿಗೆ ಇದೇ ಸಂಖ್ಯೆ ಎಂದು ಹೇಳಲಾಗದು. ಆದರೆ ರಸ್ತೆ ಅಗಲ ಮಾಡುವಾಗ ಇಪ್ಪತ್ತು ಕಡಿದು, ಕಟ್ಟೆ ಕಟ್ಟಿದ ಒಂದನ್ನು ಉಳಿಸಿ ಫಲಕ ಹಾಕುವುದರಿಂದ ಅತ್ತಿ ಉಳಿಯಿತು ಎನ್ನುವುದು ಸುಳ್ಳು ಲೆಕ್ಕ.

ಜೀವಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ಸುತ್ತಲಿನ ಅತ್ತಿಮರಗಳನ್ನು ಎಣಿಸಿ, ಯಾವುದು ಯಾವ ತಿಂಗಳು ಕಾಯಿ ಹಿಡಿಯಿತೆಂದು ಎರಡು ವರ್ಷ ಬರೆದಿಡಿ. ಖಾಲಿ ಬಿದ್ದ ತಿಂಗಳು ಸಿಕ್ಕರೆ ಪಕ್ಕದ ಊರಿನವರ ಪಟ್ಟಿಯನ್ನೂ ತರಿಸಿ ನೋಡಿ.